ಸಹಿಯಿಲ್ಲದ ನಡಾವಳಿ

"ಆ ಪುಟ ಒಂದು ಬಿಟ್ಬಿಡಮ್ಮ," ಎಂದ ನಿವೃತ್ತನಾಗಲಿದ್ದ ದಾಖಲೆ ಗುಮಾಸ್ತ, ಬೀಗದ ಕೈ ಒಪ್ಪಿಸುತ್ತ. "ಸಹಿ ಮಾತ್ರ ಹಾಕ್ಬೇಡ."

ಹೊಸಬಳು ನಕ್ಕಳು. ಶಾಪಕ್ಕೂ ವಾಯಿದೆ ಇರುತ್ತದಲ್ಲ ಸರ್, ಅರವತ್ತು ವರ್ಷವಾಯಿತು ಎಂದಳು.

ನಗರಸಭೆಯಲ್ಲಿ ಒಂದು ಪದ್ಧತಿ. ಒಂದು ಸಭೆಯ ನಡಾವಳಿಯನ್ನು ಮುಂದಿನ ಸಭೆಯಲ್ಲಿ ಓದಿ, ಅಧ್ಯಕ್ಷರು ಸಹಿ ಹಾಕಿದರೆ ಮಾತ್ರ ಅದು ಖಾಯಂ. ಹಿಂದೊಮ್ಮೆ ಸಭೆ ಚಳಿಗಾಲದಲ್ಲಿ ಗುಡಿಸಲುಗಳನ್ನು ಕೆಡವಿಸಿತ್ತು. ಮುಂದಿನ ಸಭೆಗೆ ಒಬ್ಬ ತಾಯಿ ಬಂದಳು. ತಣ್ಣಗಾದ ಕೂಸನ್ನು ಮೇಜಿನ ಮೇಲೆ ಮಲಗಿಸಿದಳು. ದೀಪದ ಕಾಡಿಗೆಯನ್ನು ಎಡಗೈಯಿಂದ ಆ ನಡಾವಳಿಯ ಪುಟಕ್ಕೆ ಒತ್ತಿ ಏನೋ ಮಣಮಣಿಸಿ, ಇದಕ್ಕೆ ಸಹಿ ಹಾಕುವ ಕೈಗೆ ಹೆತ್ತ ಮಗುವಿನ ಬಿಸಿ ತಿಳಿಯದಿರಲಿ ಎಂದಳು. ಅಧ್ಯಕ್ಷರು ಪೆನ್ನು ಕೆಳಗಿಟ್ಟರು. ಆಮೇಲೆ ಬಂದವರೆಲ್ಲ ಸಹಿಯೂ ಹಾಕದೆ, ರದ್ದೂ ಮಾಡದೆ, ಹಾವೂ ಸಾಯದಂತೆ ಕೋಲೂ ಮುರಿಯದಂತೆ ನಡೆದುಕೊಂಡರು.

ಹೊಸಬಳ ಕೆಲಸ ಹಳೆಯ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ, ಪ್ರತಿಯೊಂದರ ಕೆಳಗೆ 'ಪರಿಶೀಲಿಸಿದೆ' ಎಂದು ಸಹಿ ಹಾಕುವುದು. ಮೂರನೆಯ ದಿನ ಮಧ್ಯಾಹ್ನ ಆ ಪುಟ ಬಂತು. ಸುಟ್ಟ ಕೂದಲಿನ ವಾಸನೆ. ಅಂಚಿನವರೆಗೂ ಒತ್ತೊತ್ತಾದ ಅಕ್ಷರ, ಮಸಿಯ ಐದು ಬೆರಳು. ಖಾಲಿಯಿದ್ದದ್ದು ಒಂದೇ ಕಡೆ, ಅಧ್ಯಕ್ಷರ ಸಹಿಯ ಜಾಗ. ಜಾಗ ಇದ್ದಲ್ಲಿ ಹಾಕಿದರಾಯಿತು ಎಂದು ಅವಳು ಅಲ್ಲೇ ಸಹಿ ಹಾಕಿದಳು.

ಪಕ್ಕದ ಸಭಾಂಗಣಕ್ಕೆ ಬೀಗ ಹಾಕಿತ್ತು. ಒಳಗೆ ಕುರ್ಚಿಗಳು ಹಿಂದೆ ಸರಿದವು. ಒಟ್ಟಿಗೆ. ಸಭೆ ಮುಗಿದು ಎಲ್ಲರೂ ಎದ್ದಂತೆ. ಬಾಗಿಲ ಕೆಳಗಿನ ಕತ್ತಲಲ್ಲಿ ಹೆಜ್ಜೆಗಳು ಸರಿದುಹೋದವು. ಆಮೇಲೆ ಸದ್ದಿಲ್ಲ. ಅವಳ ಬೆರಳು ಜೋಮು ಹಿಡಿದಿತ್ತು.

ಸಂಜೆ ಅವಳು ಮನೆಗೆ ಬಂದಾಗ ಪುಟ್ಟ ಮಗಳು ಮಂಕಾಗಿ ಮಲಗಿದ್ದಳು. ಅವಳು ಹಣೆ ಮುಟ್ಟಿ ನೋಡಿ ಜ್ವರ ಇಲ್ಲ ಎಂದಳು. ಅತ್ತೆ ಬಂದು ಮುಟ್ಟಿದರು. "ಮೈ ಕೆಂಡ ಆಗಿದೆಯಲ್ಲೇ," ಎಂದರು. ಅವಳು ಮತ್ತೆ ಮುಟ್ಟಿದಳು. ಕೆನ್ನೆ. ಕತ್ತು. ಅಂಗಾಲು. ಬಿಸಿಯಿಲ್ಲ. ತಂಪಿಲ್ಲ. ಏನೂ ಇಲ್ಲ. ಗೋಡೆ ಮುಟ್ಟಿದಳು, ತಣ್ಣಗಿತ್ತು. ಪಾತ್ರೆಯ ಬಿಸಿನೀರು ಚುರ್ ಎಂದಿತು. ಮಗಳನ್ನು ಮುಟ್ಟಿದರೆ ಮಾತ್ರ ಗಾಳಿ ಮುಟ್ಟಿದ ಹಾಗೆ.

ಮರುದಿನ ಆ ಹಳೆಯ ಗುಮಾಸ್ತನ ಮನೆಗೆ ಓಡಿದಳು. ಸಹಿ ಹೊಡೆದುಹಾಕಿದರೆ ಆಗದೇ ಎಂದು ಕೇಳಿದಳು.

"ಖಾಯಂ ಆದ ನಡಾವಳೀನ ಗುಮಾಸ್ತರು ರದ್ದು ಮಾಡೋಕಾಗಲ್ಲಮ್ಮ. ಸಹಿ ಬೀಳೋ ಮೊದಲಾಗಿದ್ರೆ ಯಾವ ಸಭೆಯಾದ್ರೂ ಮಾಡ್ಬಹುದಿತ್ತು, ಈಗ ಅದನ್ನ ಬರೆಸಿದ ಸಭೆಯೇ ಮಾಡ್ಬೇಕು. ಆ ಸಭೆಯವರು ಯಾರೂ ಉಳಿದಿಲ್ಲ."

ಜ್ವರ ಇಳಿಯಿತು. ಅವಳು ಎಂದಿನಂತೆ ಕೆಲಸಕ್ಕೆ ಹೋದಳು, ಬಂದಳು. ಅಳು ಬರಬೇಕಿತ್ತು, ಬರಲಿಲ್ಲ. ಮಗಳನ್ನು ಎತ್ತಿಕೊಂಡರೆ ಜಾರಿಬಿಟ್ಟಾಳೆಂದು ತೋಳನ್ನು ನೋಡುತ್ತಲೇ ನಡೆಯುತ್ತಿದ್ದಳು.

ಒಂದು ಸಂಜೆ ಕರೆಂಟು ಹೋಯಿತು. ಮಗಳು ಓಡಿಬಂದ ಸದ್ದು ಕೇಳಿ ಅವಳು ಕತ್ತಲಲ್ಲಿ ಕೈ ಚಾಚಿ ತಡಕಿದಳು. ಏನೂ ಸಿಗಲಿಲ್ಲ. ಬೆರಳನ್ನು ಇನ್ನಷ್ಟು ಬಿಗಿ ಮಾಡಿ ತಡಕಿದಳು.

"ಅಮ್ಮ, ಬಿಡಮ್ಮ," ಎಂದಿತು ಮಗು ಉಸಿರುಗಟ್ಟಿ. "ನೋಯ್ತಿದೆ."

ಯಾವಾಗ ಹಿಡಿದೆನೆಂದು ಅವಳಿಗೆ ಗೊತ್ತಿರಲಿಲ್ಲ. ಬಿಟ್ಟೆನೋ ಇಲ್ಲವೋ, ಅದೂ ಗೊತ್ತಾಗಲಿಲ್ಲ.