ಐನೂರು ಗಂಡು ಸೊಳ್ಳೆಗಳ ಸಾವು

ಬೆಳಿಗ್ಗೆ ಎಂಟೂಕಾಲಕ್ಕೆ ಪ್ರದರ್ಶನದ ಕೋಣೆಯ ಬಾಗಿಲು ತೆರೆದಾಗ ಐನೂರು ಸೊಳ್ಳೆಗಳೂ ಪಂಜರದ ತಳದಲ್ಲಿ ಸತ್ತು ಬಿದ್ದಿದ್ದವು. ಒಂದೂ ಕಾಲು ಅಲ್ಲಾಡಿಸಲಿಲ್ಲ.

ಬೇರೆ ಕಟ್ಟಡವಾಗಿದ್ದರೆ ಸಿಹಿ ಹಂಚುತ್ತಿದ್ದರು. ಇಲ್ಲಿ ಕೂಗಾಟ ಎದ್ದಿತು. ನಡೆಯುತ್ತಿದ್ದದ್ದು ಸೊಳ್ಳೆ ವಿಜ್ಞಾನಿಗಳ ಸಮ್ಮೇಳನ. ಸತ್ತವು ವಂಶವಾಹಿ ತಿದ್ದಿದ ಗಂಡು ಸೊಳ್ಳೆಗಳು. ಅವನ್ನು ಊರೊಳಗೆ ಬಿಟ್ಟರೆ ಅಲ್ಲಿನ ಹೆಣ್ಣುಗಳನ್ನು ಕೂಡುತ್ತವೆ, ಹುಟ್ಟಿದ ಮರಿ ಉಳಿಯುವುದಿಲ್ಲ, ಜ್ವರ ಹರಡುವುದು ನಿಲ್ಲುತ್ತದೆ ಎಂಬುದು ಪ್ರೊಫೆಸರ್ ಅವರ ಹತ್ತು ವರ್ಷದ ಕನಸು. ಹನ್ನೊಂದು ಗಂಟೆಗೆ ಅವರು ಅನುಮತಿ ಸಮಿತಿಯ ಎದುರು ಬರಿಗೈಯನ್ನು ಪಂಜರದೊಳಗೆ ತೂರಿಸಿ, ಕಚ್ಚುವುದು ಹೆಣ್ಣು ಮಾತ್ರ, ಇವುಗಳಲ್ಲಿ ಒಂದೂ ಕಚ್ಚುವುದಿಲ್ಲವೆಂದು ತೋರಿಸಬೇಕಿತ್ತು.

ಕಟ್ಟಡದ ಕಾವಲು ಮುಖ್ಯಸ್ಥರು ನಿವೃತ್ತ ಇನ್ಸ್‌ಪೆಕ್ಟರ್. ಮೂವತ್ತೊಂದು ವರ್ಷ ಕೊಲೆ, ದರೋಡೆ ನೋಡಿ ಸುಸ್ತಾಗಿ, ಕೂರಲು ಕುರ್ಚಿ ಕೊಡುತ್ತಾರೆ ಎಂಬ ಒಂದೇ ಆಸೆಗೆ ಈ ಕೆಲಸ ಹಿಡಿದಿದ್ದರು. ಆದರೆ ಒಂದೇ ಸಲ ಐನೂರು ಹೆಣ ನೋಡಿದ್ದು ಇದೇ ಮೊದಲು. ಎರಡೂ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

"ಇವಳೇ ಕೊಂದಿರೋದು!" ಪ್ರೊಫೆಸರ್ ಕೋಟು ಬಿಚ್ಚಿ ಕುರ್ಚಿಗೆ ನೇತುಹಾಕಿ ಕೂಗುತ್ತಿದ್ದರು. "ಕೀಲಿ ಇವಳ ಹತ್ರ ಇತ್ತು. ನೋಡಿ, ಕೆಲಸದಿಂದ ತೆಗೆದ ಕಾಗದ. ಸಹಿ, ಸೀಲು ಎಲ್ಲ ಆಗಿದೆ."

'ಇವಳು' ಎಂದರೆ ಸೊಳ್ಳೆ ಅಕ್ಕ. ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ಸೊಳ್ಳೆ ಸಾಕುವವಳು, ಇನ್ನೂ ಹಂಗಾಮಿ. ಗೋಡೆಗೆ ಒರಗಿ ನಿಂತಿದ್ದಳು. ಅಳುವಷ್ಟು ತ್ರಾಣವೂ ಇದ್ದಂತಿರಲಿಲ್ಲ.

"ಈ ಕಾಗದ ಕೈಗೆ ಬಂದ್ರೆ ಯಾವ ಲ್ಯಾಬ್‌ನವರೂ ನನ್ನ ಒಳಗೆ ಬಿಡಲ್ಲ ಸಾರ್," ಎಂದಳು. "ನಂಗೆ ಬೇರೆ ಕೆಲಸ ಬರಲ್ಲ."

ಇನ್ಸ್‌ಪೆಕ್ಟರ್ ನಿಟ್ಟುಸಿರು ಬಿಟ್ಟರು. ಒಬ್ಬೊಬ್ಬರನ್ನೇ ಕರೆಯಬೇಕು. ಇವತ್ತೂ ಕೂರುವ ಯೋಗವಿಲ್ಲ.

ಮೊದಲು ಬಂದವನು ಹೊಗೆ ಮಾಮ — ಕಟ್ಟಡಕ್ಕೆ ಔಷಧಿ ಹೊಗೆ ಹಾಕುವವನು.

"ನಿನ್ನೆ ಹೊಗೆ ಹಾಕಿದ್ಯಾ?"

"ಹಾಕ್ದೆ ಸಾರ್. ಸೊಳ್ಳೆ ಕಾಟ ಅಂತ ಅತಿಥಿಗಳೇ ದೂರು ಕೊಟ್ರು."

"ಯಾವ ಅತಿಥಿಗಳು?"

"ಇವ್ರೇ. ಸೊಳ್ಳೆ ವಿಜ್ಞಾನಿಗಳು."

"ಈ ಕೋಣೆಗೆ?"

"ಇಲ್ಲಪ್ಪ! ಕಾರಿಡಾರ್‌ಗೆ ಮಾತ್ರ."

ಅವನ ಮಾತು ನಿಜವಿರಬೇಕು. ಅದೇ ಮೇಜಿನ ಮೇಲೆ, ಒಂದು ಮೊಳ ದೂರದಲ್ಲಿ, ಹೋಲಿಕೆಗೆಂದು ಇಟ್ಟಿದ್ದ ಮಾಮೂಲಿ ಸೊಳ್ಳೆಗಳ ಪಂಜರವಿತ್ತು. ಅವು ಗುಂಯ್ ಎಂದು ಹಾಯಾಗಿದ್ದವು. ವಿಷವೇನೂ ಇವರು ಪ್ರಯೋಗಾಲಯದವರು, ಇವರು ಹೊರಗಿನವರು ಎಂದು ನೋಡಿ ಕೊಲ್ಲುವುದಿಲ್ಲ.

ಎರಡನೆಯವರು ತಕರಾರು ಡಾಕ್ಟರ್. ತಿದ್ದಿದ ಸೊಳ್ಳೆ ಬೇಡವೇ ಬೇಡ ಎಂದು ಮೂರು ದಿನ ಮೈಕು ಬಿಡದವರು.

"ನಿಮಗೆ ಖುಷಿಯಾಗಿರಬೇಕಲ್ಲ?"

"ಖುಷಿನಾ? ಪ್ರೊಫೆಸರ್ ಪಂಜರದಲ್ಲಿ ಹೆಣ್ಣೂ ಸೇರ್ಕೊಂಡಿವೆ ಅಂತ ನಾನು ಬಾಯಿ ಬಡ್ಕೊಂಡೆ. ಇವತ್ತು ಎಲ್ಲರೆದುರು ಅವರ ಕೈಗೆ ಒಂದು ಕಚ್ಚಿದ್ರೆ ಸಾಕಿತ್ತು. ಈಗ ಹೋಯ್ತು ನನ್ನ ಆಟ!"

ಇನ್ಸ್‌ಪೆಕ್ಟರ್ ಮತ್ತೆ ಪಂಜರಗಳ ಬಳಿ ಹೋದರು. ಜೀವಂತ ಪಂಜರದ ಮೇಲೆ ಬಿಳಿ ಹತ್ತಿಯ ಉಂಡೆಯೊಂದು ಒದ್ದೆಯಾಗಿ ಕೂತಿತ್ತು. ಸತ್ತ ಪಂಜರದ ಮೇಲೆ ಬರೀ ಅಂಟು ಕಲೆ.

"ಅಕ್ಕ, ಏನಮ್ಮಾ ಇದು?"

"ಸಕ್ಕರೆ ನೀರು ಸಾರ್. ಅದೇ ಅವಕ್ಕೆ ಊಟ." ಹತ್ತಿರ ಬಂದು ನೋಡಿ ಹೌಹಾರಿದಳು. "ಅಯ್ಯೋ, ಇದರದ್ದು ಎಲ್ಲಿ? ನಿನ್ನೆ ಬೆಳಿಗ್ಗೆ ನಾನೇ ಇಟ್ಟಿದ್ನಲ್ಲ! ಆಮೇಲೆ ಬಸ್ಸಲ್ಲಿ ಕೆರೆ ನೋಡೋಕೆ ಅತಿಥಿಗಳನ್ನ ಕರ್ಕೊಂಡು ಹೋಗಿದ್ದೆ. ವಾಪಸ್ ಬಂದಾಗ ಕತ್ತಲಾಗಿತ್ತು."

"ಹತ್ತಿ ಯಾರಾದ್ರೂ ಬೇಕೂಂತ ತೆಗೀತಾರಾ?"

"ತೆಗೀತೀವಿ. ಹೆಣ್ಣು ಸೊಳ್ಳೆಗೆ ರಕ್ತ ಕುಡಿಸೋ ಹಿಂದಿನ ದಿನ. ಹಸಿದಿದ್ರೆ ಚೆನ್ನಾಗಿ ಕಚ್ತವೆ."

"ಗಂಡಿನ ಹತ್ತಿ ತೆಗೆದ್ರೆ?"

"ಅದಕ್ಕೆ ಇನ್ನೇನೂ ಗತಿಯಿಲ್ಲ ಸಾರ್. ಈ ಏಸಿ ಒಣಗಾಳೀಲಿ ಬೆಳಗಾಗೋದ್ರೊಳಗೆ ಸಾಯುತ್ತೆ."

"ಗಂಡಸರ ಹಣೆಬರಹ," ಎಂದರು ಇನ್ಸ್‌ಪೆಕ್ಟರ್. ಕಡೆಗೂ ಒಂದು ಕುರ್ಚಿ ಎಳೆದುಕೊಳ್ಳಲು ಬಗ್ಗಿದರು — ಬಗ್ಗಿದವರು ಹಾಗೇ ನಿಂತರು. ನೆಲದ ಮೇಲೆ ಇರುವೆಗಳ ಸಾಲು. ಕುರ್ಚಿಯ ಕಾಲು ಹತ್ತಿ, ಬೆನ್ನು ಹತ್ತಿ, ಕೋಟಿನ ಎಡ ಜೇಬಿನೊಳಗೆ ಇಳಿಯುತ್ತಿತ್ತು.

"ಪ್ರೊಫೆಸರ್ ಸಾಹೇಬ್ರೇ, ನಿನ್ನೆ ಬಸ್ಸಲ್ಲಿ ನೀವೂ ಹೋಗಿದ್ರಾ?"

"ಇಲ್ಲ, ತಲೆನೋವು. ಯಾಕೆ?"

"ಜೇಬಿಗೆ ಕೈ ಹಾಕ್ತೀರಾ, ಇಲ್ಲ ನಾನೇ ಹಾಕ್ಲಾ? ಇರುವೆ ಕಚ್ಚುತ್ತೆ, ಜೋಪಾನ."

ಪ್ರೊಫೆಸರ್ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಇನ್ಸ್‌ಪೆಕ್ಟರೇ ಎರಡು ಬೆರಳಲ್ಲಿ ಹತ್ತಿಯ ಉಂಡೆ ಎಳೆದರು. ತುಂಬ ಇರುವೆ.

"ಎಲ್ಲರೂ ಹೆಣ ನೋಡಿದ್ರು, ಊಟದ ತಟ್ಟೆ ಯಾರೂ ನೋಡ್ಲಿಲ್ಲ," ಎಂದರು. "ಕೊಲ್ಲೋ ಉದ್ದೇಶ ನಿಮಗಿರ್ಲಿಲ್ಲ. ಡಾಕ್ಟರ್ ಮಾತು ತಲೆಗೆ ಹುಳ ಬಿಟ್ಟಿತ್ತು. ಒಳಗೆ ಹೆಣ್ಣಿದ್ರೆ ಹಸಿಯಲಿ, ಬೆಳಿಗ್ಗೆ ಯಾರಿಗೂ ಕಾಣದ ಹಾಗೆ ಕೈ ಹಾಕಿ ನೋಡೋಣ ಅಂತ ಹತ್ತಿ ತೆಗೆದ್ರಿ. ನೀವು ಸ್ವಂತ ಕೈಯಲ್ಲಿ ಸೊಳ್ಳೆ ಸಾಕಿ ಎಷ್ಟು ವರ್ಷ ಆಯ್ತು?"

"...ಇಪ್ಪತ್ತು."

"ಆವಾಗ ಸಾಕ್ತಿದ್ದದ್ದು?"

"ಹೆಣ್ಣು. ರಕ್ತ ಕೊಡೋದು ಒಂದೇ ಗೊತ್ತಿತ್ತು." ಅವರ ದನಿ ಕುಸಿದಿತ್ತು. "ಇನ್ನೊಂದು ಕೀಲಿ ನನ್ನ ಹತ್ರ ಇತ್ತು, ಏಳು ಗಂಟೆಗೆ ಬಂದೆ. ಎಲ್ಲ ಸತ್ತಿದ್ವು. ಗಾಬರೀಲಿ ಹತ್ತಿ ವಾಪಸ್ ಇಡೋದೂ ಮರೆತೆ."

"ಆದ್ರೆ ಕಾಗದ ಟೈಪ್ ಮಾಡೋದು ಮರೀಲಿಲ್ಲ. ಸಾವು ಗೊತ್ತಾಗಿದ್ದು ಎಂಟೂಕಾಲಕ್ಕೆ. ಎಂಟೂವರೆಗೆ ಸೀಲು ಒಣಗಿರೋ ಕಾಗದ! ನಾನು ಪಿಂಚಣಿ ಕಾಗದಕ್ಕೆ ಹದಿನಾಲ್ಕು ತಿಂಗಳು ಕಾದೋನು ಸ್ವಾಮಿ. ಆಗಲೇ ಅನುಮಾನ ಬಂತು."

ಪ್ರೊಫೆಸರ್ ಕಾಗದವನ್ನು ಹರಿಯಲು ಎತ್ತಿಕೊಂಡರು.

"ಹರೀಬೇಡಿ ಸಾರ್," ಎಂದಳು ಸೊಳ್ಳೆ ಅಕ್ಕ. "ಹಿಂದುಗಡೆ ಖಾಲಿ ಇದೆ. ಏನು ಮಾಡಿದ್ರಿ ಅಂತ ಬರೆದುಕೊಡಿ."

ಇನ್ಸ್‌ಪೆಕ್ಟರ್ ತಮ್ಮ ಪೆನ್ನು ಕೊಟ್ಟರು. ಪ್ರೊಫೆಸರ್ ಎರಡು ಸಾಲು ಗೀಚಿ ಚಾಚಿದರು. ಅವಳು ನಿಧಾನವಾಗಿ ಓದಿ, ಹಿಂದಕ್ಕೆ ಕೊಟ್ಟಳು.

"'ಆಕಸ್ಮಿಕವಾಗಿ ಸತ್ತವು' ಅಂತ ಇದೆ. ಹತ್ತಿ ತೆಗೆದದ್ದು ಯಾರು ಅಂತ ಇಲ್ಲ."

ಅವರು ಬರೆದರು. ಅವಳು ಮತ್ತೆ ಓದಿದಳು.

"ಈಗ ಸರಿ ಇದೆ. ಹನ್ನೊಂದಕ್ಕೆ ಸಮಿತಿಯವರು ಬರ್ತಾರಲ್ಲ — ಮೈಕಲ್ಲಿ ಇದನ್ನೇ ಓದಿ."