ಮೂರು ವರ್ಷ ಯಾರೂ ಮುಟ್ಟದ ಚಿತ್ರ

ಕಾರವಾರದ ಬಂದರಿಗೆ ಎದುರಾದ ಕೋಣೆಯಲ್ಲಿ ಕೂತು ತನ್ನ ಆ್ಯಪಿಗೆ ಚಿತ್ರ ಆರಿಸುತ್ತಿದ್ದ ನಾಗವೇಣಿ ಹರಿಕಂತ್ರ, "ಬಂಗಡೆ ಮೀನು, ಇನ್ನೂ ಸ್ವಲ್ಪ ದಪ್ಪ," ಎಂದಳು. ಚಿತ್ರಕಣಜವೆಂಬ ಯಂತ್ರ ಕೂಡಲೇ ಒಂದು ಬಂಗಡೆಯನ್ನು ತೆಗೆದು ತೋರಿಸಿತು. ಅವಳು ಹೂಂ ಎಂದದ್ದೇ ತಡ, ಅದೇ ಮೀನು ಹದಿನೇಳು ಬಗೆಯ ಫೋನುಗಳಿಗೆ ತಕ್ಕ ಅಳತೆಯಲ್ಲಿ ಸಿದ್ಧವಾಗಿ, ಮುನ್ನೂರ ಹನ್ನೆರಡು ದೋಣಿಗಳ ಪರದೆಯ ಮೇಲೆ ಹೋಗಿ ಕೂತಿತು.

2061ರ ಮಾತು ಇದು. ಆ್ಯಪ್ ಕಟ್ಟುವವರಿಗೆ ದೊಡ್ಡ ತಲೆನೋವೆಂದರೆ ಚಿತ್ರಗಳೇ. ಗುಂಡಿ, ಗುರುತು, ಬಣ್ಣ ಎಂದು ಸಾವಿರಗಟ್ಟಲೆ. ಯಾವುದು ಎಲ್ಲಿದೆ, ಯಾವುದು ಹಳತು ಎಂದು ಹುಡುಕುವುದರಲ್ಲೇ ಅರ್ಧ ಆಯುಷ್ಯ ಸವೆಯುತ್ತಿತ್ತು. ಅದಕ್ಕೆ ಮದ್ದು ಕಂಡುಹಿಡಿದವರು ಧಾರವಾಡದ ವಿಜ್ಞಾನಿ ಶ್ರೀಪಾದ ಅಣ್ವೇಕರ. ಅವರು ಕಟ್ಟಿದ ಈ ಚಿತ್ರಕಣಜ ಪ್ರತಿಯೊಂದು ಚಿತ್ರವನ್ನೂ ನೆನಪಿಟ್ಟುಕೊಳ್ಳುತ್ತಿತ್ತು. ಪ್ರತಿ ಸೋಮವಾರ, ಬಳಕೆಯಾಗದವನ್ನು ಪಟ್ಟಿ ಮಾಡಿ, ಒಪ್ಪಿಗೆ ಪಡೆದು, ಆ್ಯಪಿನಿಂದ ತೆಗೆದು ಬೇರೆ ಇಡುತ್ತಿತ್ತು. ನಾಗವೇಣಿಯ ಆ್ಯಪು ಇದರಿಂದ ಅರ್ಧಕ್ಕರ್ಧ ಹಗುರಾಗಿತ್ತು. ಕೈಮುಗಿಯಬೇಕು ಆ ಮನುಷ್ಯನಿಗೆ ಎಂದು ಅವಳು ಕಂಡಕಂಡವರ ಹತ್ತಿರ ಹೇಳುತ್ತಿದ್ದಳು.

ಮೀನುಗಾರರಿಗಾಗಿ ಅವಳು ಕಟ್ಟಿದ್ದ ಆ ಆ್ಯಪಿನಲ್ಲಿ ಅಕ್ಷರವೇ ಇರಲಿಲ್ಲ. ದೋಣಿಗಳಲ್ಲಿ ದುಡಿಯುವವರು ಕೊಂಕಣಿಯವರು, ಒಡಿಶಾದವರು, ಜಾರ್ಖಂಡದವರು. ಎಲ್ಲರಿಗೂ ಒಟ್ಟಿಗೆ ತಿಳಿಯುವುದು ಚಿತ್ರವೊಂದೇ.

ನವೆಂಬರಿನ ಒಂದು ಮಧ್ಯಾಹ್ನ ಸಂಜೆಯೊಳಗೆ ಚಂಡಮಾರುತ ಎಂಬ ಸುದ್ದಿ ಬಂತು. ನಾಗವೇಣಿ ಎಚ್ಚರಿಕೆಯ ಗುಂಡಿ ಒತ್ತಿದಳು. ಎರಡೇ ನಿಮಿಷಕ್ಕೆ ಕಡಲಿನಿಂದ ಅವಳ ಅಣ್ಣ ಗಜಾನನನ ಕರೆ ಬಂತು.

"ಎಂತ ಕಳ್ಸಿದ್ಯೇ ತಂಗಿ? ಬರೀ ಬಿಳೀ ಚೌಕ ಕಾಣ್ತದೆ. ಇವ್ರೆಲ್ಲ ಬಲೆ ಬಿಡೂಕೆ ಹೊರಟಾರೆ."

ದಡಕ್ಕೆ ಮುಖ ಮಾಡಿದ ಕೆಂಪು ದೋಣಿಯ ಚಿತ್ರ ಅಲ್ಲಿರಬೇಕಿತ್ತು.

"ಬಲೆ ಬಿಡ್ಬೇಡ ಅಣ್ಣ. ದೊಡ್ಡ ಗಾಳಿ ಬತ್ತದೆ, ಈಗ್ಲೇ ತಿರ್ಗು," ಎಂದಳು. ಅಣ್ಣನಿಗೆ ಹೇಳಿದ್ದಾಯಿತು. ಉಳಿದ ಮುನ್ನೂರ ಹನ್ನೊಂದು ದೋಣಿಗಳಿಗೆ ಒಂದೊಂದಾಗಿ ಯಾವಾಗ ಹೇಳುವುದು, ಯಾವ ಭಾಷೆಯಲ್ಲಿ ಹೇಳುವುದು? ಅಣ್ವೇಕರರಿಗೆ ಕರೆ ಮಾಡಿದಳು.

"ಮೂರು ವರ್ಷ ಆ ಚಿತ್ರ ಯಾರೂ ಬಳಸಿಲ್ಲ," ಅವರು ಪಟ್ಟಿ ನೋಡಿ ಹೇಳಿದರು. "ಅದಕ್ಕ ಹೋದ ಸೋಮವಾರ ತಗದಿಟ್ಟದ. ಒಗದಿಲ್ಲ, ಹೆದರಬ್ಯಾಡ್ರಿ. ಹೆಂಗಿತ್ತು ಅಂತ ಕಣಜಕ್ಕ ಹೇಳ್ರಿ."

ಅವಳು ಹೇಳಿದಳು. ನಾಲ್ಕೇ ಸೆಕೆಂಡು. ಕೆಂಪು ದೋಣಿ ಎಲ್ಲ ಫೋನುಗಳಲ್ಲೂ ಮೂಡಿತು. ಎದುರಿನ ನಕಾಶೆಯಲ್ಲಿ ಚುಕ್ಕಿಗಳು ಒಂದರ ಹಿಂದೊಂದು ದಡದತ್ತ ತಿರುಗಿದವು. ಎಂಥ ಯಂತ್ರವಪ್ಪಾ ಎಂದು ಅವಳಿಗೆ ಅಳುವೇ ಬಂತು. ಗಾಳಿ ಏಳುವ ಹೊತ್ತಿಗೆ ಕೊನೆಯ ದೋಣಿಯೂ ಬಂದರಿನೊಳಗಿತ್ತು.

ಮರುದಿನ ಅವಳು ಅಣ್ವೇಕರರನ್ನು ಕೇಳಿದಳು: "ತೆಗಿ ಅಂತ ಒಪ್ಪಿಗೆ ಕೊಟ್ಟೋರು ಯಾರು ಸರ್?"

"ನೀವ."

ಹೋದ ಸೋಮವಾರ ಬಂದದ್ದು ಆರುನೂರ ನಲವತ್ತು ಚಿತ್ರಗಳ ಪಟ್ಟಿ. 'ಎಲ್ಲಕ್ಕೂ ಒಪ್ಪಿಗೆ' ಎಂಬಲ್ಲಿ ಒತ್ತಲು ಅವಳಿಗೆ ಹಿಡಿದದ್ದು ಎರಡು ಸೆಕೆಂಡು. ಅವಳಿಗೆ ನಾಚಿಕೆಯಾಯಿತು.

"ತಪ್ಪು ನಿಮ್ಮೊಬ್ಬರದ ಅಲ್ಲ," ಎಂದರು ಅಣ್ವೇಕರ. "ಬಳಸಲಿಲ್ಲ ಅಂದ್ರ ಬ್ಯಾಡಾದದ್ದು ಅಂತ ಅದಕ್ಕ ಕಲಿಸಿದಾಂವ ನಾನು."

"ಮೂರು ವರ್ಷ ಅದು ಬೇಕಾಗ್ಲಿಲ್ಲ ಅಂದ್ರೆ ಅದು ನಮ್ಮ ಪುಣ್ಯ ಸರ್," ಎಂದಳು ನಾಗವೇಣಿ.

ಆ ವಾರವೇ ಅಣ್ವೇಕರರು ಪಟ್ಟಿಯ ಪ್ರತಿ ಚಿತ್ರದ ಪಕ್ಕ ಒಂದು ಪ್ರಶ್ನೆ ಸೇರಿಸಿದರು: ಇದು ಎಂಥ ದಿನಕ್ಕೆ ಬೇಕಾದದ್ದು? ಮುಂದಿನ ಸೋಮವಾರ ಪಟ್ಟಿ ಓದಿ ಮುಗಿಸುವಷ್ಟರಲ್ಲಿ ನಾಗವೇಣಿಗೆ ಊಟದ ಹೊತ್ತು ಮೀರಿತ್ತು.

ನಾಗವೇಣಿಯ 2061 ಇನ್ನೂ ಬಂದಿಲ್ಲ, ನಿಜ. ಓದದೆ ಒಪ್ಪಿಗೆ ಒತ್ತುವ ಬೆರಳು ಮಾತ್ರ ಈಗಾಗಲೇ ನಮ್ಮ ಕೈಯಲ್ಲಿದೆ.