ಹೆಸರು ಹಾಕಬ್ಯಾಡ್ರಿ

ಹಾಡು ಮುಗಿಸಿ ಕಣ್ಣು ತೆರೆದಾಗ ಗಾಜಿನ ಆಚೆ ಒಬ್ಬ ಅಪರಿಚಿತ ನಿಂತಿದ್ದ.

ಕೈಯಲ್ಲಿ ಹೆಲ್ಮೆಟ್, ಅಂಗಿಯ ಮೇಲೆಲ್ಲ ರಸ್ತೆಯ ಧೂಳು. ಕಣ್ಣುಗಳು ಮಾತ್ರ ತುಂಬಿಕೊಂಡಿದ್ದವು.

ನೂತನ ಕಿವಿಯ ಹೆಡ್‌ಫೋನ್ ತೆಗೆದಿಟ್ಟಳು. ಇವನೇ ಇರಬೇಕು... ಇವನೇ ಸತ್ಯಪ್ಪ!

ಕೊಲ್ಹಾಪುರದ ರಾಜಾರಾಮಪುರಿಯ ಆ ಪುಟ್ಟ ಸ್ಟುಡಿಯೋಗೆ ಅವನು ಗಡಹಿಂಗ್ಲಜದಿಂದ ಎಪ್ಪತ್ತು ಕಿಲೋಮೀಟರ್ ಬೈಕ್ ಓಡಿಸಿಕೊಂಡು ಬಂದಿದ್ದ. ಅಲ್ಲಿಯ ದನದ ದವಾಖಾನೆಯಲ್ಲಿ ಕಂಪೌಂಡರ್. ಮೊದಲಿನಿಂದ ಕುರಿ ಸಾಕುವ ಮನೆತನ. ಅವಳಿಗೆ ಅವನ ಬಗ್ಗೆ ಗೊತ್ತಿದ್ದದ್ದು ಇಷ್ಟೇ. ಆದರೆ ಅವನ ಎಂಟು ಹಾಡುಗಳು ಮಾತ್ರ ಅವಳಿಗೆ ತನ್ನ ಉಸಿರಿನಷ್ಟೇ ಗೊತ್ತಿದ್ದವು.

ಇಚಲಕರಂಜಿಯ ಜೈನರ ಮನೆಯ ಹುಡುಗಿ ನೂತನ ಹತ್ತು ವರ್ಷ ಗೋವಾದ ಹೋಟೆಲುಗಳಲ್ಲಿ ಇಂಗ್ಲಿಷ್ ಜಾಝ್ ಹಾಡಿದವಳು. ಒಂದು ಮಧ್ಯಾಹ್ನ ಅಭ್ಯಾಸದ ನಡುವೆ ಸುಮ್ಮನೆ ಮೊಬೈಲ್ ನೋಡುತ್ತಿದ್ದಾಗ ಇವನ ದನಿ ಕಿವಿಗೆ ಬಿದ್ದಿತ್ತು. ವಾದ್ಯವಿಲ್ಲ, ಒರಟು ಗಂಟಲು, ನೋಡಿದವರು ಮೂವತ್ತೊಂದೇ ಮಂದಿ.

*ಕಾಲಾಗಿನ ಮುಳ್ಳ ತೆಗಿಬ್ಯಾಡೋ ಗೆಳೆಯಾ,*
*ನಿನ್ನ ಹೆಗಲ ಹಿಡಿಯಾಕ ನೆಪ ಉಳೀಲಿ.*

ಇದು ಅವಳ ಅವ್ವ ಬೈಯುವ, ಮುದ್ದು ಮಾಡುವ ಕನ್ನಡ. ಈ ಮಾತಿನಲ್ಲೂ ಹಾಡಬಹುದೆಂದು ಅವಳಿಗೆ ಆವರೆಗೆ ಹೊಳೆದೇ ಇರಲಿಲ್ಲ.

'ಗೆಳೆಯಾ' ಆದ ಮೇಲೆ ಅವನು ಎರಡು ಉಸಿರಿನಷ್ಟು ಸುಮ್ಮನಾಗುತ್ತಿದ್ದ. ಆ ಮೌನಕ್ಕೇ ಅವಳು ಸೋತದ್ದು. ಜಾಝಿನಲ್ಲಿ ಸ್ವರಕ್ಕಿರುವಷ್ಟೇ ಬೆಲೆ ಬಿಟ್ಟ ಜಾಗಕ್ಕೂ ಇದೆ. ಅದನ್ನು ಕಲಿಯಲು ಅವಳಿಗೆ ವರ್ಷಗಳು ಬೇಕಾಗಿದ್ದವು. ಇವನಿಗೆ ಯಾರು ಕಲಿಸಿದರು? ಹೆಣ್ಣಿನ ಮನಸ್ಸಿನ ಈ ಗುಟ್ಟಾದರೂ ಒಬ್ಬ ಗಂಡಸಿಗೆ ಹೇಗೆ ತಿಳಿಯಿತು?

ಗೋವಾ ಬಿಟ್ಟು ಬಂದಳು. ಆ ಎಂಟು ಹಾಡುಗಳನ್ನು ತನ್ನ ರೀತಿಯಲ್ಲಿ ರೆಕಾರ್ಡ್ ಮಾಡುವುದೆಂದು ಹಟ ಹಿಡಿದಳು. ಅವನಿಗೆ ಸಂದೇಶ ಕಳಿಸಿ, ಒಪ್ಪಿಗೆ ಕೇಳಿ, ಸ್ಟುಡಿಯೋಗೆ ಬರಲು ಕರೆದಿದ್ದಳು.

ಈಗ ಆ ಹಾಡುಗಾರ ಎದುರಿಗೇ ನಿಂತಿದ್ದ. ಸರಿ ಬಂತೇನ್ರಿ ಎಂದು ಕೇಳಿದರೆ, ಅವನು ತೋಳಿನಿಂದ ಕಣ್ಣೊರೆಸಿಕೊಂಡ.

"ಹಾಡು ಹಿಂಗೂ ಇರತೈತಿ ಅಂತ ನನಗ ಗೊತ್ತಿರಲಿಲ್ರಿ."

ಆ ಮೌನದ ಗುಟ್ಟೇನೆಂದು ಕೇಳಿದಾಗ ಮಾತ್ರ ನಕ್ಕು, ಮಾತು ಮರೆಸಿ, ರೆಕಾರ್ಡಿಂಗ್ ಮಾಡುವ ಕೇತನನ ಹತ್ತಿರ ಕುಡಿಯಲು ನೀರು ಕೇಳಿದ.

ಅಂದಿನಿಂದ ಪ್ರತಿ ಐತವಾರ, ರಜೆಯ ದಿನ, ಬಂದ. ಕೇತನನ ಪಕ್ಕ ಕಣ್ಣು ಮುಚ್ಚಿ ಕೂರುತ್ತಿದ್ದ. ಒಂದು ಸಲ ನೂತನ ಒಂದು ಸಾಲನ್ನು ಎಷ್ಟು ಬಳುಕಿಸಿ ಹಾಡಿದಳೆಂದರೆ ಕೇತನ ಚಪ್ಪಾಳೆ ಹೊಡೆದ. ಸತ್ಯಪ್ಪ ತಲೆ ಅಲ್ಲಾಡಿಸಿದ.

"ಇದೊಂದ ಸಾಲಿನ್ಯಾಗ ನೀವು ಹಾಡಾಕತ್ತೀರಿ. ಉಳಿದದ್ದರಾಗ ಮನಸಿನ ಮಾತು ಹೇಳಾಕತ್ತಿದ್ರಿ. ಇದು ಸುಳ್ಳ ಅನಸ್ತೈತ್ರಿ."

ಅವಳಿಗೆ ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆ. ಮತ್ತೆ ಹಾಡಿದಾಗ ಅವನು ಹಾಡು ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ. ಆ ದಿನವೇ ನೂತನಳಿಗೆ ತನ್ನ ಮನಸ್ಸು ತಿಳಿಯಿತು. ಐತವಾರ ಬಂತೆಂದರೆ ಬೆಳಿಗ್ಗೆಯಿಂದಲೇ ಕಿವಿ ಬೈಕಿನ ಸದ್ದಿನ ಕಡೆ. ಊಟಕ್ಕೆ ಖಾನಾವಳಿಗೆ ಹೋದಾಗ ಅವಳು ಮಾತಾಡುತ್ತಲೇ ಇರುತ್ತಿದ್ದಳು, ಅವನು ಕೇಳುತ್ತಲೇ ಇರುತ್ತಿದ್ದ.

ಎಂಟನೆಯ ಹಾಡು ಮುಗಿದ ದಿನ ಕೇತನ ಒಂದು ಫಾರ್ಮ್ ತಂದು ಮುಂದಿಟ್ಟ. ಹಾಡು ಹೊರಗೆ ಬಿಡಬೇಕಾದರೆ ಬರೆದವರ ಹೆಸರು, ಸಹಿ ಬೇಕು.

ಸತ್ಯಪ್ಪನ ಮುಖ ಬಿಳಿಚಿತು. ಪೆನ್ನನ್ನು ಮೇಜಿನ ಮೇಲಿಟ್ಟ.

"ನನ್ನ ಹೆಸರು ಹಾಕಬ್ಯಾಡ್ರಿ."

"ಯಾಕ್ರಿ?"

"ಮನ್ಯಾಗ ಕೇಳಬೇಕ್ರಿ..."

ಅಷ್ಟೇ ಅಂದು ಹೊರಟುಹೋದ.

ನೂತನ ಖಾಲಿ ಫಾರ್ಮನ್ನು ಕೈಗೆತ್ತಿಕೊಂಡಳು. ಈ ಮಾತು ಅವಳಿಗೆ ಹೊಸದಲ್ಲ. ನಾಲ್ಕು ವರ್ಷದ ಹಿಂದೆ ಸಾಂಗ್ಲಿಯ ಗಂಡಿನ ಕಡೆಯವರೂ ಮನೆಯಲ್ಲಿ ಕೇಳಿ ಹೇಳುತ್ತೇವೆ ಅಂದಿದ್ದರು. ಹೋಟೆಲಿನಲ್ಲಿ ಹಾಡುವವಳ ಹೆಸರು ತಮ್ಮ ಲಗ್ನಪತ್ರಿಕೆಯಲ್ಲಿ ಬೇಡವೆಂದು ಆಮೇಲೆ ಬೇರೆಯವರಿಂದ ತಿಳಿದಿತ್ತು. ಇವನೂ ಹಾಗೇನಾ? ಎಪ್ಪತ್ತು ಕಿಲೋಮೀಟರ್ ಬಂದು ಕಣ್ಣೀರು ಹಾಕಬಲ್ಲ, ನನ್ನ ಹೆಸರಿನ ಪಕ್ಕ ತನ್ನ ಹೆಸರು ಮಾತ್ರ ಬೇಡ...

ಮುಂದಿನ ಐತವಾರ ಅವನು ಬರಲಿಲ್ಲ. ಫೋನೂ ಹತ್ತಲಿಲ್ಲ.

ಇಚಲಕರಂಜಿಯ ಮನೆಯಲ್ಲಿ, ಪಕ್ಕದ ಮಗ್ಗಗಳ ಖಟಖಟ ಸದ್ದಿನ ನಡುವೆ, ನೂತನ ಅವ್ವ ಕಾಂಚನಳ ಮುಂದೆ ಎಲ್ಲ ಹೇಳಿಕೊಂಡು ಅತ್ತಳು. ಕಾಂಚನ ಅಕ್ಕಿ ಆರಿಸುತ್ತಲೇ ಪೂರ್ತಿ ಕೇಳಿದಳು.

"ಅಂವ ಅಂದದ್ದು ಬ್ಯಾರೆ, ನೀ ತಿಳಕೊಂಡದ್ದು ಬ್ಯಾರೆ ಇರಬಹುದು. ಹೋಗಿ ಕೇಳಿ ಬಾ. ಮನ್ಯಾಗ ಕುಂತು ಅತ್ತರ ಅಂವಗ ಹ್ಯಾಂಗ ಗೊತ್ತಾಗಬೇಕು?"

ಮರುದಿನ ಬೆಳಿಗ್ಗೆ ನೂತನ ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಬಂದಳು. ದವಾಖಾನೆಯಲ್ಲಿ ವಿಚಾರಿಸಿದರೆ ಸತ್ಯಪ್ಪ ರಜೆಯ ಮೇಲಿದ್ದಾನೆಂದರು. ಅವನ ಅಕ್ಕನ ಕುರಿಗಳು ನೂಲದ ಆಚೆ ಒಂದು ಹೊಲದಲ್ಲಿ ತಂಗಿವೆ, ಅಲ್ಲಿ ಫೋನ್ ಸಿಗುವುದಿಲ್ಲ, ಅಲ್ಲೇ ಇರಬೇಕು ಅಂದರು. ವಡಾಪ ಎಂದು ಕರೆಯುವ ಬಾಡಿಗೆ ಜೀಪಿನಲ್ಲಿ ಹತ್ತು ಮಂದಿಯ ನಡುವೆ ಒತ್ತಿಕೊಂಡು ಕೂತು ನೂಲಕ್ಕೆ ಹೋದಳು.

ಕಬ್ಬು ಕಡಿದ ಹೊಲ. ನೂರಾರು ಕುರಿಗಳು. ಅವುಗಳ ನಡುವೆ ಕೋಲು ಹಿಡಿದ ಒಬ್ಬ ಹೆಂಗಸು ಈ ಕಡೆ ಬೆನ್ನು ಮಾಡಿ ಹಾಡಿಕೊಳ್ಳುತ್ತಿದ್ದಳು.

*ಕಾಲಾಗಿನ ಮುಳ್ಳ ತೆಗಿಬ್ಯಾಡೋ ಗೆಳೆಯಾ...*

ಹಾಡು ನಿಂತಿತು. "ಹುರ್ರ್, ಹುರ್ರ್!" ಎಂದು ದಾರಿ ಬಿಟ್ಟ ಕುರಿಯೊಂದನ್ನು ತಿರುಗಿಸಿದಳು. ಆಮೇಲೆ ಮುಂದಿನ ಸಾಲು ಎತ್ತಿಕೊಂಡಳು.

ನೂತನ ಇದ್ದಲ್ಲೇ ನಿಂತಳು. ಎರಡು ಉಸಿರು! ಸರಿಯಾಗಿ ಎರಡೇ ಉಸಿರು! ತಾನು ಇಷ್ಟು ದಿನ ಪೂಜಿಸಿದ ಆ ಮೌನದಲ್ಲಿ ಇದ್ದದ್ದು ಒಂದು ತುಂಟ ಕುರಿ. ಅವಳಿಗೆ ನಗು ಉಕ್ಕಿ ಬಂತು. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರೂ ಬಂತು.

ಹೆಂಗಸು ತಿರುಗಿ ನೋಡಿದಳು. "ನೂತನ ಅಲ್ಲನವಾ ನೀ? ಬಾ, ನೆಳ್ಳಿಗೆ ಕುಂಡ್ರು. ನಾ ಬೀರವ್ವ, ಸತ್ಯಾನ ಅಕ್ಕ."

ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಚಟ್ನಿ ಹಾಕಿ ಕೊಟ್ಟಳು. "ಇದರಾಗ ಬಳ್ಳೊಳ್ಳಿ ಇಲ್ಲ, ಹೆದರಬ್ಯಾಡ. ನೀ ತಿನ್ನೂದಿಲ್ಲಂತ, ಬಂದರ ಇರಲಿ ಅಂತ ತಮ್ಮ ದಿನಾ ಬ್ಯಾರೆ ಕುಟ್ಟಸ್ತಾನ."

ನೂತನ ರೊಟ್ಟಿ ಮುರಿದು ಚಟ್ನಿಗೆ ಹಚ್ಚಿದಳು.

ಅಷ್ಟರಲ್ಲಿ ಸತ್ಯಪ್ಪ ಬಾವಿಯಿಂದ ನೀರು ಹೊತ್ತುಕೊಂಡು ಬಂದ. ಅವಳನ್ನು ಕಂಡು ಕೊಡ ಇಳಿಸುವುದನ್ನೇ ಮರೆತು ನಿಂತ. ಮಾತಾಡಿದ್ದೆಲ್ಲ ಬೀರವ್ವ. ಗಂಡ ತೀರಿ ಇಪ್ಪತ್ತು ವರ್ಷ. ಅವನನ್ನು ನೆನೆದು ಕುರಿಯ ಹಿಂದೆ ಹಾಡು ಕಟ್ಟಿಕೊಳ್ಳುತ್ತಿದ್ದಳು. ಗಂಡ ಸತ್ತವಳು 'ಗೆಳೆಯಾ' ಎಂದು ಹಾಡಿದರೆ ಜನ ಏನಂದಾರು ಎಂಬ ಹೆದರಿಕೆ. ಅದಕ್ಕೇ ತಮ್ಮನ ದನಿಯಲ್ಲಿ ಹಾಡಿಸಿ ಮೊಬೈಲಿನಲ್ಲಿ ಬಿಡಿಸಿದ್ದಳು, ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡಿದ್ದಳು.

"ಎಂಟು ದಿನದಿಂದ ಇಲ್ಲೇ ಕುಂತಾನ. ನಿನ್ನ ಹೆಸರು ಹಾಕಸ್ತೀನಿ, ನಿನ್ನದನ್ನ ನಾ ಕದಿಯೂದಿಲ್ಲ ಅಂತ ಬೆನ್ನ ಹತ್ಯಾನ."

ಅಂದರೆ... ಅವನು ಕೇಳಬೇಕಾಗಿದ್ದ ಮನೆ ಇದು! ನೂತನ ತಲೆ ತಗ್ಗಿಸಿದಳು.

ನಂತರ ಮೊಬೈಲ್ ತೆಗೆದು, ಬೀರವ್ವಳ ಕಿವಿಗೆ ಇಯರ್‌ಫೋನ್ ಇಟ್ಟು ತಾನು ಹಾಡಿದ್ದನ್ನು ಹಚ್ಚಿದಳು. ಬೀರವ್ವ ಕೋಲನ್ನು ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕೇಳಿದಳು. ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ನನ್ನ ಮಾತು ಇಷ್ಟು ಚಂದ ಅದಾವೇನ? ಹಾಕು. ಬೀರವ್ವ ಅಂತನ ಹಾಕು. ಅಂದವರು ಅಂದುಕೊಳ್ಳಲಿ."

ಆ ದಿನ ನೂತನ ಸತ್ಯಪ್ಪನೊಂದಿಗೆ ಹೆಚ್ಚು ಮಾತಾಡದೆ ಮರಳಿದಳು. ಬಸ್ಸಿನಲ್ಲಿ ಕಿಟಕಿಗೆ ಒರಗಿ ಯೋಚಿಸಿದಳು. ತಾನು ಮನಸ್ಸು ಕೊಟ್ಟದ್ದು ಯಾರಿಗೆ? ಆ ಸಾಲುಗಳಿಗಾ? ಅವು ಅವನವಲ್ಲ. ಹಾಗಾದರೆ ಅವನಲ್ಲಿ ಉಳಿದದ್ದೇನು? ಸಂಕೇಶ್ವರ ದಾಟುವ ಹೊತ್ತಿಗೆ ಅವಳಿಗೆ ನಗು ಬಂತು. ಉಳಿದದ್ದೇ ಬಹಳ ಇತ್ತು.

ಐತವಾರ ಸ್ಟುಡಿಯೋ ತುಂಬಿತ್ತು. ಸತ್ಯಪ್ಪ ಅಕ್ಕನನ್ನು ಕರೆತಂದಿದ್ದ. ನೂತನ ಅವ್ವನನ್ನು ಕರೆತಂದಿದ್ದಳು. ಬೀರವ್ವ ಮೈಕಿನ ಮುಂದೆ ನಿಂತು ಮೊದಲ ಹಾಡಿನ ಎರಡು ಸಾಲು ಹಾಡಿದಳು. ಅಭ್ಯಾಸಬಲದಿಂದ ನಡುವೆ "ಹುರ್ರ್" ಅಂದೇಬಿಟ್ಟಳು. ಎಲ್ಲರೂ ನಕ್ಕರು. ಅದು ಇರಲೇಬೇಕೆಂದು ಕೇತನ ಹಟ ಹಿಡಿದ, ಅದು ಉಳಿಯಿತು. ಫಾರ್ಮಿನ ಮೇಲೆ ಸತ್ಯಪ್ಪ ದೊಡ್ಡ ಅಕ್ಷರದಲ್ಲಿ 'ಬೀರವ್ವ, ನೂಲ' ಎಂದು ಬರೆದ, ಅಕ್ಕ ಹೆಬ್ಬೆರಳೊತ್ತಿದಳು.

ಕೆಲಸ ಮುಗಿದ ಮೇಲೆ ನೂತನ ಮೆಟ್ಟಿಲ ಹತ್ತಿರ ಬಂದಳು. ಸತ್ಯಪ್ಪ ಹಿಂದೆಯೇ ಬಂದ.

"ನೀವು ಮೆಚ್ಚಿದ್ದು ಹಾಡು ಕಟ್ಟಿದವನ್ನ. ನನಗ ಒಂದ ಸಾಲೂ ಕಟ್ಟಾಕ ಬರೂದಿಲ್ರಿ. ಕುರಿಗೆ ಔಷಧ ಕುಡಸಾಕ ಬರತೈತಿ, ಅಷ್ಟ."

"ಹಾಡು ಕಟ್ಟಿದಾಕಿ ಒಳಗ ಅದಾಳ. ಆಕಿಗೆ ಕೈ ಮುಗದೇನಿ." ನೂತನ ಅವನನ್ನೇ ನೋಡಿದಳು. "ನಾ ಮೆಚ್ಚಿದ್ದು, ನಾ ಸುಳ್ಳ ಹಾಡಿದಾಗ ಸುಳ್ಳಂತ ಹೇಳಿದವನ್ನ. ತನ್ನದಲ್ಲದ್ದಕ್ಕ ಹೆಸರು ಹಾಕದವನ್ನ."

ಸತ್ಯಪ್ಪ ಒಂದು ಮೆಟ್ಟಿಲು ಇಳಿದು ಅವಳ ಎದುರಿಗೆ ನಿಂತ.

"ಚಂದಾಗಿ ಹೇಳಾಕ ಬರವಲ್ದು, ನೂತನ."

ಮೊದಲ ಸಲ ಬರೀ ಹೆಸರು ಹಿಡಿದು ಕರೆದಿದ್ದ. ಅವಳ ಕೆನ್ನೆಗಳು ಬಿಸಿಯಾದವು.

"ಚಂದ ಬ್ಯಾಡ. ಇದ್ದಂಗ ಹೇಳು."

"ದಿನಾ ನೀ ಬೇಕು ನನಗ."

ಗಾಜಿನ ಒಳಗೆ ಬೀರವ್ವ, ಕಾಂಚನ ಒಂದೇ ಬೆಂಚಿನ ಮೇಲೆ ಕೂತು, ಎಷ್ಟೋ ವರ್ಷದ ಗೆಳತಿಯರಂತೆ ಕೈ ಮೇಲೆ ಕೈ ಬಡಿದು ನಗುತ್ತಿದ್ದರು. ಸತ್ಯಪ್ಪ ಅಂಜುತ್ತಲೇ ಆ ಕಡೆ ನೋಡಿದ.

"ನಿಮ್ಮ ಮನ್ಯಾಗ ಒಪ್ತಾರ?"

"ಒಪ್ಪಸೂದು ನನ್ನ ಕೆಲಸ. ನೀ ನನ್ನ ಸಂಗಾಟ ನಿಂತರ ಸಾಕು."

"ನಿಂದರತೇನಿ," ಅಂದ ಅವನು.